ಕೊನೆಯ ಕಂಬದ ವೋಲ್ಟೇಜು

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ, ಒಂದೊಂದೂ 800 ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವು ನೆಲೆನಿಂತಿದೆ. ಅಲ್ಲಿಂದ ಅನತಿದೂರದ ಆಲಮಟ್ಟಿಯಲ್ಲಿ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳಿಂದ ಶಂಕುಸ್ಥಾಪನೆಗೊಂಡ ಅಣೆಕಟ್ಟಿನ ಮಗ್ಗುಲಲ್ಲಿ, ಕೃಷ್ಣೆಯ ನೀರಿನಿಂದ 290 ಮೆಗಾವಾಟ್ ವಿದ್ಯುಚ್ಛಕ್ತಿಯನ್ನು ಪಡೆಯಬಲ್ಲ ಮತ್ತೊಂದು ಸ್ಥಾವರವುಂಟು. ನಾಡಿಗೆ ಇಷ್ಟನ್ನು ಒದಗಿಸಬಲ್ಲ ಈ ವಿಜಯಪುರ ಜಿಲ್ಲೆಯಲ್ಲಿಯೇ, ಇಂಡಿಯ ಲಿಂಬೆ ತೋಟದ ನಡುವಣ ವಸ್ತಿಯಲ್ಲಾಗಲಿ, ಸಿಂದಗಿಯ ಕಡೆಯ ಭೀಮಾತೀರದ ಊರಿನಲ್ಲಾಗಲಿ, ಮುದ್ದೇಬಿಹಾಳ ತಾಲ್ಲೂಕಿನ ಅಂಚಿನ ಹಳ್ಳಿಯಲ್ಲಾಗಲಿ, ಬೇಸಗೆಯ ಸಂಜೆ ಫ್ಯಾನು ತಿರುಗಿಯೂ ಗಾಳಿ ಬಾರದೆ, ಫ್ರಿಜ್ಜು ಗುಂಯ್ಗುಟ್ಟಿ ನಿಂತುಹೋಗಿ, ಗಿರಣಿಯ ಮೋಟಾರು ಮೇಲೇಳಲಾರದೆ ನರಳುವ ಸಂದರ್ಭವು ಅಪರೂಪದ್ದಲ್ಲ. "ಕರೆಂಟ್ ಅದ, ವೋಲ್ಟೇಜ್ ಇಲ್ಲ" ಎಂಬ ಮಾತನ್ನು ಈ ಭಾಗದಲ್ಲಿ ಕೇಳದವರಾರು? ಹೀಗೆ ಹೇಳಿಕೊಂಡವರು ಮರುದಿನ ಪೇಟೆಗೆ ಹೋಗಿ ಒಂದು ಸ್ಟೆಬಿಲೈಸರನ್ನು ಕೊಂಡು ತರುವುದೂ, ಸ್ವಲ್ಪ ಅನುಕೂಲವಂತರಾದರೆ ಜನರೇಟರನ್ನೇ ತಂದು ನಿಲ್ಲಿಸುವುದೂ ರೂಢಿಯಾಗಿಬಿಟ್ಟಿದೆ. ಈ ಉಪಕರಣಗಳು ಏನು ಮಾಡಬಲ್ಲುವು, ಏನು ಮಾಡಲಾರವು ಎಂಬುದನ್ನು ತಿಳಿದುಕೊಳ್ಳುವವರು ಕಡಿಮೆ. ಇವುಗಳನ್ನು ಕೊಳ್ಳಬೇಕಾದ ಅವಸ್ಥೆ ಒದಗಿದುದು ಯಾರ ಕರ್ತವ್ಯಲೋಪದಿಂದ ಎಂದು ಕೇಳುವವರು ಇನ್ನೂ ಕಡಿಮೆ. ಈ ಎರಡು ವಿಷಯಗಳನ್ನೂ ಒಟ್ಟಿಗೆ ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ನ್ಯಾಯವಾಗಿ ಒಂದು ಮಾತು. ವಿದ್ಯುತ್ ಸ್ಥಾವರವು ಸಮೀಪದಲ್ಲಿದ್ದ ಮಾತ್ರಕ್ಕೆ ಸಮೀಪದ ಊರಿನ ವೋಲ್ಟೇಜು ಸರಿಯಿರಬೇಕೆಂಬ ನಿಯಮವೇನೂ ಇಲ್ಲ. ಕೂಡಗಿಯಲ್ಲಿ ಹುಟ್ಟಿದ ವಿದ್ಯುತ್ತು ಅತಿ ಎತ್ತರದ ಗೋಪುರಗಳ ಮೇಲೆ, ಲಕ್ಷಗಟ್ಟಲೆ ವೋಲ್ಟುಗಳ ಒತ್ತಡದಲ್ಲಿ ನಾಡಿನ ಜಾಲವನ್ನು ಸೇರುತ್ತದೆ; ಅಲ್ಲಿಂದ ಉಪಕೇಂದ್ರಗಳಲ್ಲಿ ಹಂತಹಂತವಾಗಿ ಇಳಿದು, 11 ಸಾವಿರ ವೋಲ್ಟಿನ ಫೀಡರುಗಳ ಮೂಲಕ ಊರಿನ ಟ್ರಾನ್ಸ್‌ಫಾರ್ಮರಾದ ಟಿ.ಸಿ.ಗೆ ಬಂದು, ಅಲ್ಲಿ ಕಡೆಯ ಸಲ ಇಳಿದು ಮನೆಗಳನ್ನು ಮುಟ್ಟುತ್ತದೆ. ಉಪಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೆ, ಹೊರೆ ಹೊತ್ತಿರುವಾಗಲೇ ಸುರುಳಿಯ ಸುತ್ತುಗಳನ್ನು ಹೆಚ್ಚುಕಡಿಮೆ ಮಾಡಿ ಒತ್ತಡವನ್ನು ಸರಿಪಡಿಸಿಕೊಳ್ಳುವ ಏರ್ಪಾಡಿರುತ್ತದೆ. ಅಂದರೆ ಉತ್ಪಾದನೆಯ ಸ್ಥಾನದಿಂದ ಉಪಕೇಂದ್ರದವರೆಗೆ ಒತ್ತಡವನ್ನು ಕಾಯುವವರಿದ್ದಾರೆ. ಫೀಡರು ಅಲ್ಲಿಂದ ಹೊರಬಿದ್ದು ಮೈಲಿಗಟ್ಟಲೆ ಹರಿದು, ಹತ್ತಾರು ಟಿ.ಸಿ.ಗಳಿಗೂ ನೂರಾರು ಪಂಪ್‌ಸೆಟ್ಟುಗಳಿಗೂ ಪಾಲು ಕೊಟ್ಟು, ಕೊನೆಯ ಕಂಬವನ್ನು ತಲಪುವ ವೇಳೆಗೆ ಒತ್ತಡವನ್ನು ಕಾಯುವವರು ಯಾರೂ ಉಳಿದಿರುವುದಿಲ್ಲ. ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ಹೊಲದವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಮೇಲಿನವರೆಲ್ಲ ಹಾಯಿಸಿಕೊಂಡು ಮಿಕ್ಕುದು ಅವನ ಪಾಲಿಗೆ ಬರುವುದು ನೀರಿನಲ್ಲಿ ಹೇಗೋ, ವೋಲ್ಟೇಜಿನಲ್ಲಿಯೂ ಹಾಗೆಯೇ.

ಶಾಸನವೇನೋ ಕೊನೆಯ ಕಂಬಕ್ಕೂ ಮೊದಲನೆಯ ಕಂಬಕ್ಕೂ ಭೇದವೆಣಿಸಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ, ಗೃಹಸ್ಥನಿಗೆ ಕೊಡುವ ವೋಲ್ಟೇಜು ಘೋಷಿತ ಪ್ರಮಾಣಕ್ಕಿಂತ ಶೇಕಡಾ 6ಕ್ಕಿಂತ ಹೆಚ್ಚು ಏರಲೂ ಕೂಡದು, ಇಳಿಯಲೂ ಕೂಡದು ಎಂಬ ಕಟ್ಟಳೆಯಿದೆ. 230 ವೋಲ್ಟನ್ನು ಪ್ರಮಾಣವೆಂದಿಟ್ಟುಕೊಂಡರೆ 216ರಿಂದ 244ರವರೆಗಿನದು ನ್ಯಾಯವಾದ ಪೂರೈಕೆ. ಈ ಎರಡು ಸಂಖ್ಯೆಗಳು ಪ್ರತಿಯೊಬ್ಬ ಗ್ರಾಹಕನ ನಾಲಗೆಯ ಮೇಲಿರಬೇಕು. ಮುಂದಿನ ವಿಚಾರವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಒತ್ತಡ ತಗ್ಗಿದರೆ ಆಗುವ ಹಾನಿ ದೀಪ ಮಂಕಾಗುವುದಕ್ಕೆ ಮುಗಿಯುವುದಿಲ್ಲ. ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 230ರ ಬದಲು 180 ದೊರೆತರೆ ಅದರ ಬಲ ಶೇಕಡಾ 61ಕ್ಕೆ ಕುಗ್ಗುತ್ತದೆ. ಆದರೆ ಬಾವಿಯ ಆಳವಾಗಲಿ ಕಾಳಿನ ಗಟ್ಟಿತನವಾಗಲಿ ಕುಗ್ಗುವುದಿಲ್ಲವಾದುದರಿಂದ, ಅದೇ ಕೆಲಸವನ್ನು ಮಾಡುವುದಕ್ಕಾಗಿ ಮೋಟಾರು ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ. ಸುರುಳಿಯ ಕಾವು ಆ ಕರೆಂಟಿನ ವರ್ಗಕ್ಕನುಸಾರವಾಗಿ ಏರುತ್ತದೆ. ವಾರ್ನಿಷು ಕರಗಿ, ಕಮಟು ವಾಸನೆ ಬಂದು, ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊರಬೇಕಾಗುತ್ತದೆ. ತಾಲ್ಲೂಕು ಪೇಟೆಗಳಲ್ಲಿ ವೈಂಡಿಂಗ್ ಅಂಗಡಿಗಳು ಬರಿದಾಗಿರುವುದನ್ನು ಬೇಸಗೆಯಲ್ಲಿ ಕಾಣುವುದೇ ದುರ್ಲಭ.

ಇನ್ನು ಉಪಕರಣಗಳ ವಿಷಯ. ಒತ್ತಡವನ್ನು ತಾನಾಗಿಯೇ ನಿಯಂತ್ರಿಸುವ ಯಂತ್ರವು ಎರಡು ಬೇರೆಬೇರೆ ಸ್ಥಾನಗಳಲ್ಲಿ ಕೆಲಸಮಾಡುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಬಹಳ ಹಣ ಪೋಲಾಗುತ್ತಿದೆ. ಒಂದು, ವಿದ್ಯುತ್ತು ಹುಟ್ಟುವ ಸ್ಥಾನದಲ್ಲಿ, ಜನರೇಟರಿನೊಳಗೆ ಕುಳಿತು, ಹುಟ್ಟುವ ವೋಲ್ಟೇಜನ್ನೇ ಸರಿಯಾಗಿಡುವಂಥದು, ಮೆಕ್ಯಾನಿಕ್ಕುಗಳು ಎ.ವಿ.ಆರ್. ಎನ್ನುವುದು ಇದನ್ನು. ಮತ್ತೊಂದು, ತಂತಿಯ ಮೂಲಕ ಬಂದುಬಿಟ್ಟ ವೋಲ್ಟೇಜನ್ನು ಮನೆಯ ಬಾಗಿಲಲ್ಲಿ ಏರಿಸಿಯೋ ಇಳಿಸಿಯೋ ಒಳಗೆ ಬಿಡುವಂಥದು, ಇದೇ ಸ್ಟೆಬಿಲೈಸರು.

ಜನರೇಟರಿನ ತತ್ತ್ವ ಸರಳವಾದುದು. ಅಯಸ್ಕಾಂತ ಕ್ಷೇತ್ರದಲ್ಲಿ ಸುರುಳಿ ತಿರುಗಿದರೆ, ಅಥವಾ ಸುರುಳಿಯೊಳಗೆ ಕ್ಷೇತ್ರವೇ ತಿರುಗಿದರೆ, ವಿದ್ಯುತ್ತು ಹುಟ್ಟುತ್ತದೆ. ಅದರ ಒತ್ತಡವು ತಿರುಗುವ ವೇಗವನ್ನೂ ಕ್ಷೇತ್ರದ ಬಲವನ್ನೂ ಅವಲಂಬಿಸಿದೆ. ವೇಗವನ್ನು ಕಾಯುವುದು ಇಂಜಿನ್ನಿನ ಗವರ್ನರು. ಕ್ಷೇತ್ರದ ಬಲವನ್ನು ಕಾಯುವುದು ಎ.ವಿ.ಆರ್. ಹೊರೆ ಹೆಚ್ಚಿ ವೋಲ್ಟೇಜು ಜಾರಿದೊಡನೆ ಕ್ಷೇತ್ರದ ಸುರುಳಿಗೆ ಹೆಚ್ಚು ಕರೆಂಟನ್ನು ಕೊಡುವುದೂ, ಹೊರೆ ತಗ್ಗಿ ವೋಲ್ಟೇಜು ಏರಿದೊಡನೆ ಅದನ್ನು ಕಡಿಮೆಮಾಡುವುದೂ ಅದರ ಇಡೀ ಕಾಯಕ. ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ 1902ರ ಸುಮಾರಿನಲ್ಲಿಯೇ ಅಮೆರಿಕದ ಟಿರಿಲ್ ಎಂಬ ಇಂಜಿನಿಯರು, ಸದಾ ಕಂಪಿಸುತ್ತ ಕ್ಷೇತ್ರದ ಕರೆಂಟನ್ನು ಕ್ಷಣಕ್ಷಣಕ್ಕೂ ತಿದ್ದುವ ನಿಯಂತ್ರಕವನ್ನು ರೂಢಿಗೆ ತಂದನು. ಅಂದು ಕಂಪಿಸುವ ಸಂಪರ್ಕಗಳು ಮಾಡುತ್ತಿದ್ದ ಕೆಲಸವನ್ನು ಇಂದು ಅಂಗೈಯಗಲದ ಎಲೆಕ್ಟ್ರಾನಿಕ್ ಹಲಗೆ ಮಾಡುತ್ತದೆ. ಕೂಡಗಿಯ 800 ಮೆಗಾವಾಟಿನ ಮಹಾಯಂತ್ರಕ್ಕೂ, ಲಗ್ನದ ಚಪ್ಪರದ ಹಿಂದೆ ಗದ್ದಲವೆಬ್ಬಿಸುವ ಬಾಡಿಗೆಯ ಡೀಸೆಲ್ ಜನರೇಟರ್ ಸೆಟ್ಟಿಗೂ ಈ ತತ್ತ್ವ ಒಂದೇ.

ಈ ತತ್ತ್ವವನ್ನು ಮರೆತುದರಿಂದ ಆಗುವ ಒಂದು ಅನಾಹುತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೊರೆ ಹಾಕಿದಾಗ ಜನರೇಟರಿನ ವೋಲ್ಟೇಜು ಇಳಿಯುತ್ತದೆಂದು ಎ.ವಿ.ಆರ್. ಅನ್ನು ದೂರಿ, ಹೊಸದನ್ನು ತಂದು ಹಾಕಿ, ಅದೂ ಉಪಯೋಗಕ್ಕೆ ಬಾರದೆ ಮತ್ತೊಂದನ್ನು ತಂದವರಿದ್ದಾರೆ. ಎಷ್ಟೋ ಸಲ ದೋಷವಿರುವುದು ಎ.ವಿ.ಆರ್.ನಲ್ಲಲ್ಲ, ಡೀಸೆಲ್ ಫಿಲ್ಟರಿನಲ್ಲಿ. ಫಿಲ್ಟರು ಕಟ್ಟಿಕೊಂಡು ಇಂಜಿನ್ನಿಗೆ ಎಣ್ಣೆ ಸಾಲದೆ ಹೋದರೆ, ಹೊರೆ ಬಿದ್ದೊಡನೆ ಅದರ ವೇಗವು ಕುಸಿಯುತ್ತದೆ. ಇಂಜಿನ್ನು ತಿರುಗಿಸುವ, ವಿದ್ಯುತ್ತನ್ನು ಹುಟ್ಟಿಸುವ ಭಾಗವಾದ ಆಲ್ಟರ್ನೇಟರು ನಾಲ್ಕು ಧ್ರುವಗಳದಾಗಿದ್ದರೆ, ಅದು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್ ದೊರೆಯುತ್ತದೆ. ವೇಗವು ಇದಕ್ಕಿಂತ ಸಾಕಷ್ಟು ಕೆಳಗಿಳಿದರೆ, ಒಳ್ಳೆಯ ಎ.ವಿ.ಆರ್. ಕ್ಷೇತ್ರದ ಸುರುಳಿಯನ್ನು ಉಳಿಸುವುದಕ್ಕಾಗಿ ಬುದ್ಧಿಪೂರ್ವಕವಾಗಿಯೇ ವೋಲ್ಟೇಜನ್ನು ತಗ್ಗಿಸುತ್ತದೆ. ಇದನ್ನರಿಯದೆ ಹಲಗೆಯ ಮೇಲಿನ ಸಣ್ಣ ತಿರುಪನ್ನು ತಿರುಗಿಸಿ ವೋಲ್ಟೇಜನ್ನು ಬಲವಂತವಾಗಿ ಏರಿಸಿದರೆ, ಕ್ಷೇತ್ರದ ಸುರುಳಿಯು ಮಿತಿಮೀರಿದ ಕರೆಂಟನ್ನು ಹೊತ್ತು ಬೆಂದುಹೋಗುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರಿನಿಂದ ಮುಗಿಯಬೇಕಾದ ಕೆಲಸವು ಹತ್ತಾರು ಸಾವಿರದ ರಿವೈಂಡಿಂಗಿನಲ್ಲಿ ಮುಗಿಯುತ್ತದೆ. ಆದುದರಿಂದ ಜನರೇಟರಿನ ಮುಂದೆ ನಿಂತವನು ಮೊದಲು ನೋಡತಕ್ಕದ್ದು ಹರ್ಟ್ಸ್ ಮೀಟರನ್ನು. ಅದು ಸರಿಯಿದ್ದ ಮೇಲೆ ವೋಲ್ಟ್ ಮೀಟರನ್ನು. ಈ ಕ್ರಮ ತಲೆಕೆಳಗಾಗಬಾರದು. ಬಹುಕಾಲ ಓಡದೆ ನಿಂತಿದ್ದ ಜನರೇಟರು ಎಷ್ಟು ತಿರುಗಿಸಿದರೂ ವೋಲ್ಟೇಜನ್ನೇ ಕೊಡದಿರುವುದೂ ಉಂಟು. ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪಸ್ವಲ್ಪ ಅಯಸ್ಕಾಂತತ್ವವು ನಶಿಸಿದಾಗ ಹೀಗಾಗುತ್ತದೆ. ಬಲ್ಲ ಮೆಕ್ಯಾನಿಕ್ಕು ಬ್ಯಾಟರಿಯಿಂದ ಕ್ಷೇತ್ರದ ಸುರುಳಿಗೆ ಒಂದೆರಡು ಕ್ಷಣ ಕರೆಂಟು ಕೊಟ್ಟು ಅದನ್ನು ಎಚ್ಚರಿಸುತ್ತಾನೆ. ಇಲ್ಲಿಯೂ ಹೊಸ ಎ.ವಿ.ಆರ್. ಬೇಕಿಲ್ಲ.

ಹೊಸದು ನಿಜವಾಗಿಯೂ ಬೇಕಾದಾಗ ಆರಿಸುವುದು ಹೇಗೆ? ಆಲ್ಟರ್ನೇಟರಿನ ಹೆಸರುಹಲಗೆಯ ಮೇಲಿರುವ ವಿವರವನ್ನು ಬರೆದುಕೊಂಡು ಹೋಗಬೇಕು. ಹಳೆಯ ಎ.ವಿ.ಆರ್. ಹಲಗೆಯನ್ನೇ ಕೈಯಲ್ಲಿ ಹಿಡಿದು ಹೋಗುವುದು ಇನ್ನೂ ಲೇಸು. ಕೆಲವು ಎ.ವಿ.ಆರ್.ಗಳು ಒಂದು ಫೇಸಿನ ವೋಲ್ಟೇಜನ್ನು ನೋಡುತ್ತವೆ, ಕೆಲವು ಮೂರನ್ನೂ ನೋಡುತ್ತವೆ. ಕ್ಷೇತ್ರಕ್ಕೆ ಕೊಡಬಲ್ಲ ಗರಿಷ್ಠ ಕರೆಂಟು ಒಂದೊಂದರಲ್ಲಿ ಒಂದೊಂದು ಬಗೆ. ಎಸ್‌ಎಕ್ಸ್ 460 ಎಂಬಂಥ ಪ್ರಸಿದ್ಧ ಮಾದರಿಗಳಿಗೆ ಪೇಟೆಯಲ್ಲಿ ಅನುಕೃತಿಗಳು ಹೇರಳವಾಗಿವೆ. ಹೊರನೋಟಕ್ಕೆ ಭೇದವೇ ತಿಳಿಯದ ಇವುಗಳಲ್ಲಿ, ಆಗಲೇ ಹೇಳಿದ ತಗ್ಗು ವೇಗದ ರಕ್ಷಣೆಯು ನೆಚ್ಚಿಕೆಗೆ ಅರ್ಹವಾಗಿರುವುದಿಲ್ಲ. ಇದಕ್ಕಿಂತ ಮುಖ್ಯವಾದ ವಿಚಾರ ಮತ್ತೊಂದಿದೆ. ಸಾಮಾನ್ಯ ಎ.ವಿ.ಆರ್. ತನಗೆ ಬೇಕಾದ ಶಕ್ತಿಯನ್ನು ಆಲ್ಟರ್ನೇಟರಿನ ಹೊರವೋಲ್ಟೇಜಿನಿಂದಲೇ ಪಡೆಯುತ್ತದೆ. ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಸಾಧಾರಣ ಕರೆಂಟಿನ ಐದಾರು ಮಡಿಯನ್ನು ಎಳೆಯುವುದರಿಂದ ವೋಲ್ಟೇಜು ಕುಸಿಯುತ್ತದೆ. ಶಕ್ತಿ ಅತ್ಯಂತ ಅವಶ್ಯವಾದ ಆ ಗಳಿಗೆಯಲ್ಲಿಯೇ ಎ.ವಿ.ಆರ್.ಗೂ ಶಕ್ತಿ ಸಾಲದಾಗುತ್ತದೆ. ಆಲ್ಟರ್ನೇಟರಿನ ಹಿಂಬದಿಯಲ್ಲಿ ಪ್ರತ್ಯೇಕವಾದ ಒಂದು ಸಣ್ಣ ಶಾಶ್ವತ ಅಯಸ್ಕಾಂತದ ಜನರೇಟರನ್ನಿಟ್ಟು ಎ.ವಿ.ಆರ್.ಗೆ ಶಕ್ತಿ ಕೊಡುವ ಮಾದರಿಯಲ್ಲಿ ಈ ಕುಂದಿಲ್ಲ. ಬೆಲೆ ಹೆಚ್ಚಾದರೂ, ಆಸ್ಪತ್ರೆಗಳೂ ಹತ್ತಿಯ ಜಿನ್ನಿಂಗ್ ಮಿಲ್ಲುಗಳೂ ಬೇಳೆಯ ಮಿಲ್ಲುಗಳೂ ಅದನ್ನೇ ಕೇಳಬೇಕು. ತೋಟದ ರೈತನಿಗೆ ಅಷ್ಟು ಬೇಕಿಲ್ಲ. ಆದರೆ 5 ಅಶ್ವಶಕ್ತಿಯ ಮೋಟಾರಿಗೆ 5 ಕೆ.ವಿ.ಎ. ಜನರೇಟರು ಸಾಕೆಂಬ ಭ್ರಮೆಯನ್ನು ಅವನು ಬಿಡಬೇಕು. ಮೋಟಾರನ್ನು ನೇರವಾಗಿ ಹೊರಡಿಸುವುದಾದರೆ ಅದರ ಎರಡರಿಂದ ಮೂರು ಮಡಿ ಸಾಮರ್ಥ್ಯ ಬೇಕಾದೀತು.

ಮನೆಯ ಸ್ಟೆಬಿಲೈಸರಿನ ವಿಷಯದಲ್ಲಿ ನನ್ನ ಮೊದಲ ಸಲಹೆ: ಕೊಳ್ಳುವ ಮುನ್ನ ಅಳೆಯಿರಿ. ಗೋಡೆಯ ಪ್ಲಗ್ಗಿಗೆ ಚುಚ್ಚಿ ವೋಲ್ಟೇಜನ್ನು ತೋರಿಸುವ ಸಣ್ಣ ಮೀಟರುಗಳು ಅಲ್ಪಬೆಲೆಗೆ ದೊರೆಯುತ್ತವೆ. ಒಂದು ವಾರ, ಮುಂಜಾನೆ, ದೀಪ ಹಚ್ಚುವ ಹೊತ್ತು, ನಡುರಾತ್ರಿ, ಹೀಗೆ ಬೇರೆಬೇರೆ ವೇಳೆಯಲ್ಲಿ ನೋಡಿ ಬರೆದಿಡಿ. ನಡುರಾತ್ರಿಯನ್ನು ಬಿಡಕೂಡದು, ಏಕೆಂದರೆ ಹೊರೆಯೆಲ್ಲ ಇಳಿದ ಮೇಲೆ ವೋಲ್ಟೇಜು ಮಿತಿಮೀರಿ ಏರುವುದೂ ಉಂಟು. ಅಂಕೆಗಳು 200ರಿಂದ 245ರ ಒಳಗೇ ಇದ್ದರೆ ಹೆಚ್ಚಿನ ಮನೆಗಳಿಗೆ ಸ್ಟೆಬಿಲೈಸರೇ ಬೇಡ. ಮೊಬೈಲಿನ ಚಾರ್ಜರು 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುತ್ತದೆ, ಎಲ್‌ಇಡಿ ಟಿ.ವಿ.ಗಳೂ ಬಹುಮಟ್ಟಿಗೆ ಹಾಗೆಯೇ. ಇತ್ತೀಚಿನ ಇನ್ವರ್ಟರ್ ಮಾದರಿಯ ಫ್ರಿಜ್ಜು, ಎ.ಸಿ.ಗಳ ಕೈಪಿಡಿಯಲ್ಲಿ ಅವು ಸಹಿಸಬಲ್ಲ ವ್ಯಾಪ್ತಿ ಮುದ್ರಿತವಾಗಿರುತ್ತದೆ. ನಿಮ್ಮ ವಾರದ ಅಂಕೆಗಳು ಆ ವ್ಯಾಪ್ತಿಯೊಳಗಿದ್ದರೆ ಅಂಗಡಿಯವರು ಎಷ್ಟು ಒತ್ತಾಯಿಸಿದರೂ ಕೊಳ್ಳಬೇಡಿ. ಹಳೆಯ ಮಾದರಿಯ ಕಂಪ್ರೆಸರುಳ್ಳ ಫ್ರಿಜ್ಜು, ಎ.ಸಿ., ನೀರೆತ್ತುವ ಮೋಟಾರು, ಇವುಗಳಿಗೆ ಮಾತ್ರ ರಕ್ಷಣೆ ಬೇಕು.

ಬೇಕೆಂದಾದ ಮೇಲೆ, ಮೊದಲು ನೋಡಬೇಕಾದುದು ಅದು ಎಷ್ಟು ವೋಲ್ಟಿನಿಂದ ಕೆಲಸಮಾಡುತ್ತದೆಂಬುದನ್ನು. ಸಂಜೆ 150ಕ್ಕೆ ಇಳಿಯುವ ಊರಿನವರು 170ರಿಂದ ಕೆಲಸಮಾಡುವ ಸ್ಟೆಬಿಲೈಸರನ್ನು ತಂದರೆ ಅದು ಬೇಕಾದ ಹೊತ್ತಿನಲ್ಲಿಯೇ ಕೈಕಟ್ಟಿ ಕುಳಿತುಕೊಳ್ಳುತ್ತದೆ. 130ರಿಂದಲೋ 90ರಿಂದಲೋ ಕೆಲಸಮಾಡುವುದನ್ನೇ ಕೇಳಿ ತರಬೇಕು. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ರಿಲೇ ಮಾದರಿ: ಸುರುಳಿಯ ಬೇರೆಬೇರೆ ಕವಲುಗಳಿಗೆ ಟಕ್ಕೆಂದು ನೆಗೆದು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಪಡಿಸುತ್ತದೆ, ಫ್ರಿಜ್ಜಿಗೂ ಎ.ಸಿ.ಗೂ ಇಷ್ಟು ಸಾಕು. ಸರ್ವೊ ಮಾದರಿಯಲ್ಲಿ ಸಣ್ಣ ಮೋಟಾರೊಂದು ಕಾರ್ಬನ್ ಬ್ರಷ್ಷನ್ನು ಸುರುಳಿಯ ಮೇಲೆ ಸರಿಸುತ್ತ ಶೇಕಡಾ ಒಂದೆರಡರ ನಿಖರತೆಯನ್ನು ಕೊಡುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆಯ ಪ್ರಯೋಗಾಲಯ, ಮಿಲ್ಲುಗಳಿಗೆ ಇದು ತಕ್ಕುದು, ಆದರೆ ಬ್ರಷ್ಷು ಸವೆಯುತ್ತದಾದ್ದರಿಂದ ವರ್ಷಕ್ಕೊಮ್ಮೆ ನೋಡಬೇಕು. ಮೊದಲನೆಯದಕ್ಕೆ ಐಎಸ್ 8448, ಎರಡನೆಯದಕ್ಕೆ ಐಎಸ್ 9815 ಎಂಬ ಭಾರತೀಯ ಮಾನಕಗಳಿವೆ. ಪೆಟ್ಟಿಗೆಯ ಮೇಲೆ ಈ ಸಂಖ್ಯೆಯಿದೆಯೇ ಎಂದು ನೋಡುವುದಕ್ಕೆ ಇಂಜಿನಿಯರಾಗಬೇಕಿಲ್ಲ. ಸುರುಳಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಂದೂವರೆ ಟನ್ನಿನ ಎ.ಸಿ.ಗೆ ಸಾಮಾನ್ಯವಾಗಿ 4 ಕೆ.ವಿ.ಎ. ಬೇಕಾಗುತ್ತದೆ. ಕಂಪ್ರೆಸರುಳ್ಳ ಉಪಕರಣಕ್ಕೆ, ಕರೆಂಟು ಹೋಗಿ ಬಂದ ಮೇಲೆ ಸುಮಾರು ಮೂರು ನಿಮಿಷ ತಡೆದು ಹೊರಡಿಸುವ ಏರ್ಪಾಡು ಇರಲೇಬೇಕು. ಒಳಗಿನ ಅನಿಲದ ಒತ್ತಡ ಸಮವಾಗುವ ಮುನ್ನ ಹೊರಟ ಕಂಪ್ರೆಸರು ಬಾಳುವುದಿಲ್ಲ.

ಸ್ಟೆಬಿಲೈಸರು ಮಾಡಲಾರದ ಕೆಲಸಗಳನ್ನು ಮಾರುವವರು ಹೇಳುವುದಿಲ್ಲ. ಭರಣಿ, ಕೃತ್ತಿಕೆಯ ಗುಡುಗುಮಳೆಯಲ್ಲಿ ತಂತಿಯ ಮೇಲೆ ಬರುವ ಸಿಡಿಲಿನ ಆಘಾತವನ್ನು ಅದು ತಡೆಯಲಾರದು. ಅದಕ್ಕೆ ಬೇರೆ ಸಾಧನವೂ ಒಳ್ಳೆಯ ಅರ್ಥಿಂಗೂ ಬೇಕು. ಇನ್ನೂ ಘೋರವಾದುದು ನ್ಯೂಟ್ರಲ್ ತಂತಿ ಕಡಿದುಹೋಗುವುದು. ಟಿ.ಸಿ.ಯಿಂದ ಬರುವ ನಾಲ್ಕು ತಂತಿಗಳಲ್ಲಿ ನ್ಯೂಟ್ರಲ್ ತುಂಡಾದರೆ, ಹೊರೆ ಕಡಿಮೆಯಿರುವ ಫೇಸಿನ ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜು ನುಗ್ಗಬಹುದು. ಒಂದೇ ಓಣಿಯಲ್ಲಿ ಹತ್ತು ಮನೆಗಳ ಟಿ.ವಿ.ಗಳು ಒಮ್ಮೆಗೇ ಸುಡುವುದರ ಕಾರಣ ಬಹುಮಟ್ಟಿಗೆ ಇದೇ. ಹೆಚ್ಚಿನ ವೋಲ್ಟೇಜಿಗೆ ಸಂಪರ್ಕವನ್ನೇ ಕಡಿಯುವ ಏರ್ಪಾಡುಳ್ಳ ಸ್ಟೆಬಿಲೈಸರು ತನ್ನ ಹಿಂದಿನ ಒಂದು ಉಪಕರಣವನ್ನು ಉಳಿಸೀತು, ಇಡೀ ಮನೆಯನ್ನಲ್ಲ. ಮೀಟರಿನ ಬಳಿಯಲ್ಲಿಯೇ ಕೂರಿಸುವ ವೋಲ್ಟೇಜ್ ರಕ್ಷಕ ಸ್ವಿಚ್ಚು ಇಡೀ ಮನೆಯನ್ನು ಕಾಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೊನೆಯ ಕಂಬದ ಬಡ ಮನೆಗೆ ಸ್ಟೆಬಿಲೈಸರಿಗಿಂತ ಮೊದಲು ಬೇಕಾದುದು ಇದು.

ಈಗ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕಲಕಿರುವ ವಿಷಯ. ಸ್ಟೆಬಿಲೈಸರು ವೋಲ್ಟೇಜನ್ನು ಸೃಷ್ಟಿಸುವುದಿಲ್ಲ. ಏರಿಸಿಕೊಟ್ಟ ವೋಲ್ಟೇಜಿಗೆ ಬೆಲೆಯಾಗಿ ತಂತಿಯಿಂದ ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ. 160 ವೋಲ್ಟನ್ನು 230ಕ್ಕೆ ಏರಿಸಿ ಮನೆಯೊಳಗೆ 10 ಆಂಪಿಯರು ಕೊಡುವ ಸ್ಟೆಬಿಲೈಸರು ಹೊರಗಿನ ತಂತಿಯಿಂದ 14ಕ್ಕೂ ಹೆಚ್ಚು ಆಂಪಿಯರು ಸೆಳೆಯುತ್ತದೆ. ತಂತಿಯಲ್ಲಿ ಕಾವಾಗಿ ನಷ್ಟವಾಗುವ ಶಕ್ತಿಯು ಕರೆಂಟಿನ ವರ್ಗದಂತೆ ಏರುವುದರಿಂದ, 10 ಆಂಪಿಯರು ಹರಿದಾಗ ಆಗುತ್ತಿದ್ದ ನಷ್ಟದ ಎರಡು ಮಡಿಗೂ ಮಿಕ್ಕಿ ಆಗುತ್ತದೆ. ಆ ಮಟ್ಟಿಗೆ ಅದೇ ತಂತಿಯ ಮುಂದಿನ ಮನೆಯ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ಅವನೂ ಸ್ಟೆಬಿಲೈಸರು ತರುತ್ತಾನೆ. ಅವನ ಆಚೆಯವನೂ ತರುತ್ತಾನೆ. ಎಲ್ಲರೂ ತಂದ ಮೇಲೆ ತಂತಿಯೂ ಟಿ.ಸಿ.ಯೂ ಮತ್ತಷ್ಟು ಕುಸಿದು, ತರಲಾರದ ಒಬ್ಬ ವಿಧವೆಯ ಮನೆಯಲ್ಲಿ, ಇಲ್ಲವೆ ಅಂಗನವಾಡಿಯಲ್ಲಿ, ದೀಪವೇ ಮಿಣುಗುಟ್ಟುವಂತಾಗುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಹಣದಿಂದ ಮಾಡಿಕೊಂಡ ಪರಿಹಾರಗಳ ಮೊತ್ತವು ಊರಿನ ಪಾಲಿಗೆ ಉಪದ್ರವವಾಗುವ ಇಂಥ ಸಂದರ್ಭದಲ್ಲಿ, ಪರಿಹಾರವನ್ನು ಸಾರ್ವಜನಿಕವಾಗಿಯೇ ಹುಡುಕಬೇಕಾಗುತ್ತದೆ.

ರೈತರೂ ಇದರಲ್ಲಿ ನಿರ್ದೋಷಿಗಳಲ್ಲ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರು (ಕೆಪ್ಯಾಸಿಟರು) ಹಾಕಿ ಸಿಂಗಲ್ ಫೇಸಿನಲ್ಲಿಯೇ ಪಂಪು ಓಡಿಸುವುದರಿಂದ ಒಂದೇ ಫೇಸಿನ ಮೇಲೆ ಹೊರೆಯೆಲ್ಲ ಬಿದ್ದು ಊರಿನ ದೀಪಗಳು ಸೊರಗುತ್ತವೆ. ಪಂಪಿನ ಫೀಡರನ್ನೂ ಊರಿನ ಫೀಡರನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ಉದ್ದೇಶಗಳಲ್ಲಿ ಈ ಸಂಕಟದ ನಿವಾರಣೆಯೂ ಒಂದಾಗಿತ್ತು. ಆದರೆ ತೋಟದ ವಸ್ತಿಗಳ ಮನೆಗಳು ಪಂಪಿನ ಫೀಡರಿನ ಮೇಲೆಯೇ ಇರುವ ಕಡೆಗಳಲ್ಲಿ ಆ ಯೋಜನೆಯ ಫಲ ತಲಪುವುದಿಲ್ಲ. ಇನ್ನೊಂದು ಬಗೆಯ ಕೆಪ್ಯಾಸಿಟರು ಮಾತ್ರ ಎಲ್ಲರಿಗೂ ಹಿತಕರ: 5 ಅಶ್ವಶಕ್ತಿಯ ಪಂಪಿಗೆ 2 ಕೆ.ವಿ.ಎ.ಆರ್., 10ಕ್ಕೆ 4 ಕೆ.ವಿ.ಎ.ಆರ್. ಪ್ರಮಾಣದ ಕೆಪ್ಯಾಸಿಟರನ್ನು ಸ್ಟಾರ್ಟರಿನ ಬಳಿ ಕೂರಿಸಿದರೆ ತಂತಿಯ ಮೇಲಿನ ನಿರರ್ಥಕ ಕರೆಂಟು ಇಳಿದು, ಆ ಸಾಲಿನ ಎಲ್ಲರ ವೋಲ್ಟೇಜೂ ಒಂದಿಷ್ಟು ಏರುತ್ತದೆ. ಇದು ಸ್ಟೆಬಿಲೈಸರಿಗಿಂತ ಅಗ್ಗ.

ಇಲ್ಲಿಯ ವಿದ್ಯುತ್ ವಿತರಣಾ ಕಂಪನಿಯಾದ ಹೆಸ್ಕಾಂ ಮಾಡಬೇಕಾದ ಕೆಲಸವೇನೂ ಗೂಢವಾದುದಲ್ಲ: ಉದ್ದವಾದ ಫೀಡರುಗಳನ್ನು ಒಡೆದು ಉಪಕೇಂದ್ರಗಳನ್ನು ಹಳ್ಳಿಗಳ ಸಮೀಪಕ್ಕೆ ತರುವುದು, ಸವೆದ ತಂತಿಯನ್ನು ದಪ್ಪ ತಂತಿಯಿಂದ ಬದಲಿಸುವುದು, ಒಂದು ದೊಡ್ಡ ಟಿ.ಸಿ.ಯ ಬದಲು ಸಣ್ಣ ಸಣ್ಣ ಟಿ.ಸಿ.ಗಳನ್ನು ಹೊರೆಯ ಬಳಿಯಲ್ಲಿಯೇ ಇಡುವುದು, ಮೂರು ಫೇಸುಗಳ ಹೊರೆಯನ್ನು ಸಮಮಾಡುವುದು. ಇಂಡಿಯಿಂದ ಚಡಚಣವೂ, ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲಗಳೂ, ಮುದ್ದೇಬಿಹಾಳದಿಂದ ತಾಳಿಕೋಟೆಯೂ, ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರಗಳೂ ಬೇರೆ ತಾಲ್ಲೂಕುಗಳಾಗಿವೆ. ಕಚೇರಿಗಳು ಜನರ ಸಮೀಪಕ್ಕೆ ಬಂದ ಮೇಲೆ ವೋಲ್ಟೇಜೂ ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಕೇಳುವುದಕ್ಕೆ ಜನರಲ್ಲಿ ಒಂದು ಸಂಕೋಚವಿದೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ, 2023ರಿಂದ ಗೃಹಜ್ಯೋತಿ ಯೋಜನೆಯ ಮಿತಿಯೊಳಗಿನ ಮನೆಗೂ ಉಚಿತ. ಬಿಲ್ಲು ಶೂನ್ಯವಾದ ಮೇಲೆ ದೂರುವುದು ಹೇಗೆ ಎಂದು ಸಜ್ಜನರು ಸುಮ್ಮನಾಗುತ್ತಾರೆ. ಇದು ತಪ್ಪು ತಿಳಿವಳಿಕೆ. ಆ ವಿದ್ಯುತ್ತಿನ ಬೆಲೆಯನ್ನು ಸರ್ಕಾರವು ನಮ್ಮ ತೆರಿಗೆಯಿಂದಲೇ ಕಂಪನಿಗೆ ತುಂಬಿಕೊಡುತ್ತದೆ; ಶೇಕಡಾ 6ರ ಕಟ್ಟಳೆಯು ಬಿಲ್ಲಿನ ಮೊತ್ತವನ್ನು ನೋಡಿ ಬದಲಾಗುವುದಿಲ್ಲ. ಆದುದರಿಂದ, ಸ್ಟೆಬಿಲೈಸರು ಕೊಳ್ಳುವುದಕ್ಕಾಗಿ ಬರೆದಿಟ್ಟ ಆ ಒಂದು ವಾರದ ಅಂಕೆಗಳನ್ನು ವ್ಯರ್ಥಮಾಡಬೇಡಿ. ಒಂದೇ ಟಿ.ಸಿ.ಯ ಹತ್ತು ಮನೆಗಳವರು ಕೂಡಿ, ದಿನ, ಹೊತ್ತು, ವೋಲ್ಟೇಜು, ಮೀಟರಿನ ಆರ್.ಆರ್. ನಂಬರು, ಟಿ.ಸಿ. ಇರುವ ಸ್ಥಳ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮೊದಲು 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆಯನ್ನು ಪಡೆದು, ಹಾಳೆಯನ್ನು ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿ ಪರಿಹಾರ ದೊರೆಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯನ್ವಯ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅದರ ಮೇಲೆ ಓಂಬುಡ್ಸ್‌ಮನ್ ಅವರಿಗೂ ಹೋಗಬಹುದು. "ವೋಲ್ಟೇಜ್ ಇಲ್ಲ" ಎಂಬ ಬಾಯಿಮಾತನ್ನು ಯಾವ ಅಧಿಕಾರಿಯೂ ತಳ್ಳಿಹಾಕಬಹುದು. ಏಳು ದಿನಗಳ ಸಂಜೆಯ ಅಂಕೆಗಳ ಕೆಳಗೆ ಹತ್ತು ಮನೆಗಳವರ ಸಹಿಯಿರುವ ಹಾಳೆಗೆ ಅವರು ಬರಹದಲ್ಲಿಯೇ ಉತ್ತರ ಕೊಡಬೇಕಾಗುತ್ತದೆ.